ಬರ್ತೀನಿ ಎಂಬುದಕ್ಕೆ ಪುರಾವೆ

ಹೊಂಡದ ಸರ್ಕಲ್ಲಿನ ಹತ್ತಿರ ನಾಲ್ಕು ಮೆಟ್ಟಿಲು ಇಳಿದರೆ ನನ್ನ ಅಂಗಡಿ.
ದುಗ್ಗಮ್ಮನ ಪಟ, ಒಂದು ಸ್ಟೂಲು, ಗೋಡೆಗೆ ಬಿಗಿದ ಬಿಳಿ ಪಂಚೆ.
ಮದುವೆ ಮನೆಗಳಲ್ಲಿ ನಗಿ, ನಗಿ ಅಂತ ಗಂಟಲು ಹರಿದುಕೊಂಡವನು
ಇಲ್ಲಿ ನಗಬೇಡಿ ಅಂತೀನಿ.
ಕಿವಿ ಕಾಣಲಿ. ಕನ್ನಡಕ ತೆಗೀರಿ.
ಅಮೆರಿಕಕ್ಕೆ ಎರಡಿಂಚು ಚೌಕ,
ಯುರೋಪಿಗೆ ಮೂವತ್ತೈದು ನಲವತ್ತೈದು ಮಿಲಿಮೀಟರು.
ಮುಖ ಅದೇ, ಕತ್ತರಿಯ ಅಳತೆ ಬೇರೆ.

ನನಗೆ ಪಾಸ್‌ಪೋರ್ಟ್ ಇಲ್ಲ. ಹುಬ್ಬಳ್ಳಿ ದಾಟಿದ್ದು ಎರಡೇ ಸಲ.
ಆದರೂ ಸ್ಟೂಲಿನ ಮೇಲೆ ಕೂತವರನ್ನು ಕೇಳೇ ಕೇಳ್ತೀನಿ:
ಯಾವ ವೀಸಾ? ನೋಡೋಕೋ, ಓದೋಕೋ, ದುಡಿಯೋಕೋ?
ಫೋಟೊಕ್ಕೆ ಅದು ಬೇಕಿಲ್ಲ. ನನಗೆ ಬೇಕು.

ನೋಡಿ ಬರುವವರದು ಸುಲಭ ಅನ್ಕೊಂಡಿದ್ದೆ.
ಎಂ.ಸಿ.ಸಿ. ಬಿ ಬ್ಲಾಕಿನ ಪಂಚಾಕ್ಷರಮ್ಮ
ತಂಗಿ ಮಗಳ ಬಾಣಂತನಕ್ಕೆ ಕೆನಡಾಕ್ಕೆ ಹೊರಟಿದ್ದಳು.
(ಬಾಣಂತನ ಅವರ ಲೆಕ್ಕದಲ್ಲಿ ಕೆಲಸ ಅಲ್ಲವಂತೆ.
ನಮ್ಮ ಲೆಕ್ಕದಲ್ಲೂ ಅಲ್ಲ, ಬಿಡಿ.)
ಚೀಲದ ತುಂಬ ಮನೆ ಕಂದಾಯದ ರಸೀದಿ, ಪಿಂಚಣಿ ಪುಸ್ತಕ,
ಗಂಡನ ಕಿರಾಣಿ ಅಂಗಡಿಯ ಲೈಸೆನ್ಸು.
ಇಷ್ಟೆಲ್ಲಾ ಯಾಕಮ್ಮಾ?
ವಾಪಸ್ ಬರ್ತೀನಿ ಅಂತ ನಂಬಿಸಬೇಕಂತೆ ಕಣಪ್ಪ.

ನಮ್ಮ ಕಡೆ ಹೊಸಿಲು ದಾಟುವವರು ಹೋಗ್ತೀನಿ ಅನ್ನೋದಿಲ್ಲ;
ಬರ್ತೀನಿ ಅಂತಾರೆ, ಚಪ್ಪಲಿ ಮೆಟ್ಟುತ್ತಾರೆ, ಮುಗೀತು.
ಅಲ್ಲಿನವರಿಗೆ ಆ ಒಂದು ಮಾತಿಗೆ
ಹದಿನೇಳು ಜೆರಾಕ್ಸು ಬೇಕು.

ಓದೋಕೆ ಹೊರಟವಳು ಸುಜಲಾ.
ಅವಳ ತಾತ ಹತ್ತಿ ಗಿರಣಿಯ ಸಿಳ್ಳಿಗೆ ಎದ್ದು ಸಿಳ್ಳಿಗೆ ಉಂಡವನು,
ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದಲ್ಲಿ.
ಗಿರಣಿ ಹೋಯ್ತು, ಸೈಟಾಯ್ತು.
ಮೊಮ್ಮಗಳು ನೂಲಿನ ವಿದ್ಯೆ ಕಲಿಯೋಕೆ
ಮ್ಯಾಂಚೆಸ್ಟರಿಗೇ ಹೊರಟಳು.
ಖಾತೆಯ ದುಡ್ಡು ಇಪ್ಪತ್ತೆಂಟು ದಿನ ಅಲುಗಬಾರದು,
ಹೆಪ್ಪು ಹಾಕಿದ ಹಾಲಿನ ಹಾಗೆ.
ಇಪ್ಪತ್ತಾರನೇ ದಿನ ಸೋದರತ್ತೆ ಆಸ್ಪತ್ರೆ ಸೇರಿದಳು.
ಪಾತ್ರೆ ಅಲುಗಿತು. ಮತ್ತೆ ಒಂದರಿಂದ ಎಣಿಕೆ.
ಫೋಟೊ ಹಳತಾಗಲಿಲ್ಲ, ಅದೊಂದು ಉಳಿತಾಯ ಅಂತ ನಕ್ಕಳು.
ಆಗ ಕ್ಯಾಮೆರಾ ನನ್ನ ಕೈಯಲ್ಲಿರಲಿಲ್ಲ.

ವಾಮದೇವಪ್ಪನ ವಿಷಯ ಹೇಳಬೇಕು.
ಬೆಣ್ಣೆ ದೋಸೆ ಹುಯ್ಯುವ ಕೈ.
ಕಾವಲಿಗೆ ನೀರು ಚಿಮುಕಿಸಿ
ಚುರ್ ಅನ್ನೋ ಸದ್ದಲ್ಲೇ ಕಾವು ಹೇಳುವವನು.
ಏಜೆಂಟ್ ಕೊಟ್ಟ ಚೀಟಿಯಲ್ಲಿ
ನನಗೆ ಗೊತ್ತಿದ್ದ ಇಂಗ್ಲಿಷು ಒಂದೇ ಪದ: ಟೂರಿಸ್ಟ್.
ಏನು ನೋಡೋಕೆ ಹೊಂಟೀಯೋ ದುಬೈನಾಗೆ?
ಹೋದ ಮ್ಯಾಲೆ ಬದಲಿ ಮಾಡಿಸ್ತಾರಂತೆ.
ಬಾಯಿಗೆ ಬಂದದ್ದನ್ನು ನುಂಗಿ, ಗದ್ದ ಎತ್ತು ಅಂದೆ.
ಎಪ್ಪತ್ತು ರೂಪಾಯಿ ತಗೊಂಡೆ.

ಅರವತ್ತು ದಿನದ ಪ್ರವಾಸಿ
ಹದಿನಾಲ್ಕು ತಿಂಗಳು ಅಡುಗೆಮನೆಯ ಕಿಟಕಿಯಿಂದ
ಎದುರಿನ ಗೋಡೆ ನೋಡಿದ.
ಸಂಬಳ ಕೇಳಿದರೆ
ನೀನು ಕೆಲಸಕ್ಕೆ ಬಂದವನೇ ಅಲ್ಲವಲ್ಲ ಅಂದರಂತೆ,
ಅವನದೇ ಕಾಗದ ತೋರಿಸಿ.
ದಿನಕ್ಕಿಷ್ಟು ದಂಡ. ದಂಡಕ್ಕೆ ಹೆದರಿ ಮತ್ತೊಂದು ದಿನ.
ಮನ್ನಾ ಮಾಡಿದ ವಾರದಲ್ಲಿ
ಒಂದೇ ಸಲ ಊರು ಮುಟ್ಟಿಸುವ ಬಿಳಿ ಹಾಳೆ ಹಿಡಿದು ಬಂದ.

ಮೊನ್ನೆ ಮತ್ತೆ ಸ್ಟೂಲಿನ ಮೇಲೆ ಕೂತ.
ಕಿವಿಯ ಮೇಲೆ ನರೆ. ನಾನು ಕೇಳಲಿಲ್ಲ, ಅವನೇ ಹೇಳಿದ:
ಮಸ್ಕತ್ತು. ಕೆಲಸದ್ದೇ ವೀಸಾ.
ಕರಾರು ಮೊದ್ಲೇ ಕೈಗೆ ಬಂದೈತೆ, ಓದಿಸಿ ಕೇಳೀನಿ, ಎರಡು ಸಲ.
ಹುದ್ದೆ ಅಂತ ಇರೋ ಕಡೆ ದೋಸೆ ಮಾಡೋನು ಅಂತಲೇ ಬರ್ಸೀನಿ.
ಅವರ ಭಾಷೆಯಾಗೆ ಪದ ಇರ್ಲಿಲ್ಲಂತೆ,
ದೋಸೆ ಅಂತಲೇ ಇಟ್ಟಾರೆ.

ಹೇಳುವಾಗ ಹಲ್ಲು ಕಂಡಿತು.
ಮೊದಲು ಅದನ್ನ ಹೊಡೆದುಕೊಂಡೆ, ನನ್ನ ಗೋಡೆಗೆ.
ಆಮೇಲೆ, ಬಾಯಿ ಮುಚ್ಚಪ್ಪಾ, ಕಿವಿ ಕಾಣಲಿ, ಅಂದೆ.

ದುಡ್ಡು ಬೇಡ ಅಂದೆ. ಹಳೇ ಬಾಕಿ ಐತೆ.
ಯಾವುದು ಅಂತ ನೆನಪು ಮಾಡಿಕೊಳ್ಳುತ್ತಾ ಮೆಟ್ಟಿಲು ಹತ್ತಿದ.
ಮೇಲಿನಿಂದ ಅವನ ದನಿ,
ಬೀದಿಯ ಆಟೋ ಸದ್ದಿನಲ್ಲಿ ಅರ್ಧ ಮುಳುಗಿ:
ಬರ್ತೀನಿ.